ಮಸ್ಕತ್ತಿನಾಗ ರೊಟ್ಟಿ ಬಡಿದ ದಿನ

ಇವತ್ತ ಮುಂಜಾನೆ ನಮ್ಮ ನಿಪ್ಪಾಣಿ ಮನಿ ಮ್ಯಾಲಿನ ಹೊಸ ಬಾಡಿಗಿಯವರು ಧಪ್ ಧಪ್ ಅಂತ ಏನೋ ಕುಟ್ಟಾಕತ್ತಿದ್ರು. ತಲಿ ಕೆಟ್ಟು, ಛತ್ತಿಗೆ ಬಡಿಯಾಕ ಕಸಬರಗಿ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು.

ನಾ ಸಣ್ಣಾಕಿದ್ದಾಗ ಅಪ್ಪಗ ಮಸ್ಕತ್ತಿನ ಗ್ಯಾರೇಜಿನಾಗ ಕೆಲಸ ಸಿಕ್ಕಿತ್ತು. ನಾವು ಅಲ್ಲಿ ಮ್ಯಾಲಿನ ಅಂತಸ್ತಿನ ಬಾಡಿಗಿ ಮನಿಗೆ ಹೋಗಿ ಎರಡ ದಿನ ಆಗಿತ್ತಷ್ಟ. ಅವ್ವ ನಮ್ಮ ಹಳ್ಳಿ ಐಗಳಿಯಿಂದ ಹೊತ್ತು ತಂದಿದ್ದ ಜ್ವಾಳದ ಹಿಟ್ಟು ನಾದಿ, ನೆಲದ ಮ್ಯಾಲ ಪರಾತ ಇಟ್ಟು ರೊಟ್ಟಿ ಬಡಿಯಾಕ ಕುಂತಳು. ಕೆಳಗಿನ ಮನಿಯಾಕಿ ಕೋಲಿನಿಂದ ತನ್ನ ಛತ್ತಿಗೆ ಟಕ್ ಟಕ್ ಬಡಿದಳು.

"ಸಾವಕಾಶ ಬಡಿ, ಮನಿ ಬಿಡಸ್ತಾರ," ಅಂದ ಅಪ್ಪ.

ಅವ್ವ ಪರಾತದ ಕೆಳಗ ಕೌದಿ ಹಾಸಿದಳು. ರೊಟ್ಟಿ ಹರದು ಹೋತು.

"ಸಪ್ಪಳಿಲ್ದ ರೊಟ್ಟಿ ಆಗೂದಿಲ್ರಿ! ನೀವ ಬಡೀರಿ, ನೋಡೂಣು!"

ಅಪ್ಪ ತೋಳೇರಿಸಿ ಕುಂತ. ಹಿಟ್ಟು ಅಂಗೈ ಬಿಟ್ಟು ಬರಲೇ ಇಲ್ಲ. ಕೆಳಗ ಮತ್ತ ಟಕ್ ಟಕ್. ಅವ್ವ ಲಟ್ಟಣಗಿ ತಗೊಂಡು ತಾನೂ ನೆಲಕ್ಕ ಮೂರ ಏಟು ಹಾಕಿದಳು. ಆ ದಿನ ಎಲ್ಲಾರೂ ಮುಖ ಗಂಟ ಹಾಕ್ಕೊಂಡು ಅಂಗಡಿ ಬ್ರೆಡ್ ತಿಂದ್ವಿ.

ಈಗ ಹಿಂದಿನಿಂದ ಯಾರೋ ನನ್ನ ಕೈಯಾಗಿನ ಕಸಬರಗಿ ಕಸಗೊಂಡ್ರು. ಅವ್ವ.

"ಪಾಪ, ಬಂದು ಎರಡ ದಿನ ಆಗೇತಿ," ಅಂದಳು. "ಉಂಡಾರೋ ಇಲ್ಲೋ, ಮ್ಯಾಲ ಹೋಗಿ ಕೇಳಿ ಬಾ."