ಕರಡಿಗೊಂದು ಚರಗ

ಗದಗಿನ ಪ್ರಾಣಿಸಂಗ್ರಹಾಲಯದ ಕರಡಿಯನ್ನು ನಾನು ಬಹಳ ದಿನ ಗುರುವಿನಂತೆ ಗೌರವಿಸಿದ್ದೆ. ಯಾವಾಗ ಹೋದರೂ ಗೋಡೆಗುಂಟ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಿತ್ತು. ಡಾಕ್ಟರು ಹೇಳಿದ ವಾಕಿಂಗನ್ನು ನಾಳೆ, ನಾಡಿದ್ದು ಎಂದು ಮುಂದೂಡುವ ನನಗೆ ಆ ಶಿಸ್ತು ಕಂಡು ನಾಚಿಕೆಯಾಗುತ್ತಿತ್ತು.

"ಅದು ವಾಕಿಂಗ್ ಅಲ್ರಿ ಮಾಮಾ, ಬ್ಯಾಸರ," ಎಂದಳು ತಂಗಿಯ ಮಗಳು ಶಾರದಾ. ಕುರ್ತಕೋಟಿಯಲ್ಲಿ ಅಜ್ಜನ ಮನೆಯಲ್ಲಿ ಬೆಳೆದವಳು. ಈಗ ಝೂ ಪ್ರಾಣಿಗಳ ಬುದ್ಧಿ, ನೆಮ್ಮದಿಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. "ತಾಟಿನ್ಯಾಗ ಹಾಕಿದ್ದು ಒಂದು ಗಳಿಗ್ಯಾಗ ತಿಂದು ಮುಗಸ್ತೈತಿ. ಆಮ್ಯಾಲ ದಿನಾಪೂರ್ತಿ ಏನ್ ಮಾಡಬೇಕ್ರಿ ಅದು?"

ಮುಂದೆ ತುಂಬಿದ ತಾಟಿದ್ದರೂ ಎಷ್ಟೋ ಪ್ರಾಣಿಗಳು ಹುಡುಕಿ, ಕೆದಕಿ ತಿನ್ನುವುದನ್ನೇ ಮೆಚ್ಚುತ್ತವಂತೆ. ನಾನು ನಂಬಲಿಲ್ಲ. ಹೆಂಡತಿ ಬಡಿಸಿದ್ದು ಕೈಗೆಟಕುವಷ್ಟು ಹತ್ತಿರವಿದ್ದರೇ ನನಗೆ ರುಚಿ.

ಎಳ್ಳಮಾವಾಸ್ಯೆಗೆ ನಮ್ಮಪ್ಪ ಎರೆಹೊಲದ ತುಂಬ ಚರಗ ಚೆಲ್ಲುತ್ತಿದ್ದುದು ಅವಳಿಗೆ ನೆನಪಿತ್ತು. ಭೂಮಿತಾಯಿಗೆಂದು ಎಸೆದ ಕಡುಬು, ಅನ್ನವನ್ನು ಹಕ್ಕಿಗಳು ಹೆಂಟೆಗಳ ಸಂದಿಯಲ್ಲಿ ಹುಡುಕಿ ತಿನ್ನುತ್ತಿದ್ದವು. ಹಾಗೇ ಅವಳ ಪ್ರಯೋಗಕ್ಕಾಗಿ ಕರಡಿಯ ಹಣ್ಣು, ಶೇಂಗಾ ಕಲ್ಲಿನಡಿ ಸೇರಿದವು; ಟೊಳ್ಳು ಕೊರಡಿನೊಳಗೆ ಝೂದವರು ಜೇನು ಸುರಿದರು. ಕರಡಿ ತಾಟಿನ ಜಾಗಕ್ಕೆ ಬಂದು, ಬರಿ ನೆಲ ಮೂಸಿ, ಮತ್ತೆ ಗೋಡೆ ಹಿಡಿಯಿತು. ಸಂಜೆ ತಾಟು ಕೊಟ್ಟಾಗಲೇ ತಿಂದದ್ದು. ಮರುದಿನವೂ ಅಷ್ಟೇ. ನಾಳೆ ಒಂದು ದಿನ ನೋಡಿ ಪ್ರಯೋಗ ಬಂದ್ ಮಾಡಿ ಎಂದರು ಮೇಲಿನವರು.

"ಹುಡುಕೂದ ಮರತ ಹೋಗೇತೇನೋ ಮಾಮಾ ಅದಕ್ಕ," ಎಂದಳು ಶಾರದಾ. ಅವಳ ದನಿ ಕೇಳಿ ನನಗೂ ಸಂಕಟವಾಯಿತು. ಕರಡಿ ಸಾಯುವತನಕ ಆ ಗೋಡೆಗೇ ಗಂಟುಬೀಳುವುದೇ?

ಮೂರನೆಯ ದಿನ ಬೆಳಗ್ಗೆ ಇಬ್ಬರೂ ಬೇಲಿಗಂಟಿ ನಿಂತೆವು. ನಡೆಯುತ್ತಿದ್ದ ಕರಡಿ ಅರ್ಧದಲ್ಲೇ ನಿಂತಿತು. ಮೂಗು ಮೇಲೆತ್ತಿತು. ಕೊರಡಿನ ಹತ್ತಿರ ಬಂದು, ತೂತಿಗೆ ಬಾಯಿಟ್ಟು ಸೊರ್ರೆಂದು ಎಳೆದ ಸದ್ದು ಗೇಟಿನತನಕ ಕೇಳಿರಬೇಕು! ಆಮೇಲೆ ಕಲ್ಲು ಉರುಳಿಸಿತು, ಮಣ್ಣು ಕೆದರಿತು. ಬಿಸಿಲೇರಿದರೂ ಗೋಡೆಯ ಕಡೆ ತಿರುಗಿ ನೋಡಲಿಲ್ಲ. "ಗೆದ್ದಿ ಬಿಡವಾ!" ಎಂದು ನಾನು ಕೂಗಿದ್ದಕ್ಕೆ ಕಾವಲಿನವನು ಗದರಿಸಿದ. ಅವನೂ ನಗುತ್ತಲೇ ಇದ್ದ.

ಈ ವಿಜಯವಾರ್ತೆಯನ್ನು ಮನೆಯಲ್ಲಿ ವಿಸ್ತಾರವಾಗಿ ಹೇಳಿದ್ದು ತಪ್ಪಾಯಿತು. ಮರುದಿನ ನನ್ನ ತಾಟಿನಲ್ಲಿ ಬರಿ ರೊಟ್ಟಿ, ಹಚ್ಚಿಕೊಳ್ಳಲು ಚಟ್ನಿಪುಡಿ ಇಲ್ಲ.

"ಶೇಂಗಾ ಹಿಂಡಿ ಎಲ್ಲೈತಿ?"

"ಹುಡಿಕ್ಕೊಳ್ರಿ," ಎಂದಳು ಹೆಂಡತಿ. "ರಿಟೈರ್ ಆದಾಗಿಂದ ನೀವೂ ಪಡಸಾಲ್ಯಾಗ ಸುಮ್ನ ಅಡ್ಡಾಡಾಕತ್ತೀರಿ."

ಹಿಂಡಿ ಕಡೆಗೂ ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿತು. ಖರೆ ಹೇಳಬೇಕೆಂದರೆ, ಅಂಥ ರುಚಿಯ ಹಿಂಡಿಯನ್ನು ನಾನು ಎಂದೂ ತಿಂದಿರಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಗೊತ್ತಾದರೆ ನಾಳೆ ನನ್ನನ್ನೇ ರೊಟ್ಟಿ ಬಡಿಯಲೂ ಹಚ್ಚಿಯಾಳು. ಕರಡಿಗಾದರೆ ಆ ಭಯವಿಲ್ಲ.