ಗುಳ್ಳವ್ವನ ಮೂಗು

ಆಷಾಢ ಬಂತೆಂದರೆ ನಮ್ಮ ರಾಮದುರ್ಗದ ಓಣಿಯಲ್ಲಿ ಬಾಗಿಲುಗಳು ತಾವೇ ಹೊಡೆದುಕೊಳ್ಳುತ್ತವೆ. ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಎರಡು ಮನೆ ದಾಟಿ ಯಾರದೋ ಟಿವಿ ಛತ್ರಿಗೆ ಸುತ್ತಿಕೊಂಡಿರುತ್ತದೆ. ಆ ಗಾಳಿಯ ತಿಂಗಳಲ್ಲೇ, ಮಂಗಳವಾರಕ್ಕೊಮ್ಮೆ, ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಎರೆಮಣ್ಣಿನ ಒಂದು ಗುಂಡು ಪೀಠ, ಅದರ ಮೇಲೆ ಕುಳಿತ ಗೇಣುದ್ದದ ಹೆಂಗಸು. ಕಣ್ಣಿಗೆ ಗುಲಗಂಜಿ, ಕೊರಳಿಗೆ ಕುಸುಬಿ ಕಾಳಿನ ಸರ. ಸಂಜೆಗೆ ಎಲ್ಲರೂ ತಮ್ಮ ತಮ್ಮ ಗುಳ್ಳವ್ವನನ್ನು ಮೂಲೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ, ಆರತಿ ಬೆಳಗುತ್ತಾರೆ, ಆಮೇಲೆ ಹಾಡುತ್ತ ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ.

ಕಟ್ಟೆಯ ಸಾಲಿಗೆ ಒಂದೇ ಒಂದು ಕಟ್ಟಳೆ. ಇಡುವವಳೇ ಮಾಡಿರಬೇಕು. ಅದನ್ನು ಕಾಯುವವಳು ಏಳನೆಯ ತರಗತಿಯ ಒಬ್ಬ ಹುಡುಗಿ. ಓಣಿಯ ಚಿಕ್ಕವರೆಲ್ಲ ಅವಳನ್ನು ಅಕ್ಕ ಎನ್ನುತ್ತಾರೆ. ಸೊಂಟಕ್ಕೆ ಕೈಯಿಟ್ಟು ಒಂದೊಂದರ ಮುಂದೆಯೂ ನಿಂತು, "ಯಾರ ಮಾಡ್ಯಾರ ಇದನ್ನ?" ಎಂದು ಕೇಳುತ್ತಾಳೆ.

ಹೋದ ವರ್ಷ ನನ್ನ ಮಗಳಿಗೆ ಐದು ವರ್ಷ. ಮಾಡಿಕೊಟ್ಟವಳು ನಾನು. ಅಕ್ಕ ಕೇಳಿದಾಗ ಮಗಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು, "ಮಮ್ಮಿ."

"ಹಂಗಾದ್ರ ನಿಮ್ಮ ಮಮ್ಮೀನ ಕರಕೊಂಡ ಬಾ. ಆಕೀನ ಸಾಲಿನ್ಯಾಗ ಕುಂದರಸೂಣು!"

ಎಲ್ಲರೂ ನಕ್ಕರು. ನಾನೂ ಬಾಗಿಲಲ್ಲಿ ನಿಂತು ನಕ್ಕೆ. ಮಗಳ ಗುಳ್ಳವ್ವ ಕಟ್ಟೆಯ ಕೆಳಗೆ, ಚಪ್ಪಲಿಗಳ ಪಕ್ಕದಲ್ಲಿ ಕುಳಿತಿತು. ಮನೆಗೆ ಬಂದು ಅವಳು ಅಳಲಿಲ್ಲ. "ಬರೂ ವರ್ಷ ನಾನ ಮಾಡತೇನಿ. ಒಬ್ಬಾಕೀನ," ಎಂದಳು. ಮಕ್ಕಳು ಹಾಗೆ ಹೇಳಿ ಮರೆಯುತ್ತಾರೆ ಎಂದುಕೊಂಡೆ. ಅವಳು ಮರೆಯಲಿಲ್ಲ.

ಈ ವರ್ಷ ಮೊದಲ ಮಂಗಳವಾರದ ಹಿಂದಿನ ಭಾನುವಾರ ನಾನು, ನಮ್ಮವರು, ಮಗಳು ಮೂವರೂ ಸ್ಕೂಟರ್ ಮೇಲೆ ಸಾಲಹಳ್ಳಿಯ ಕಡೆ ಹೋದೆವು. ಅಲ್ಲಿ ನಮ್ಮತ್ತೆಯ ತಮ್ಮನ ಹೊಲವಿದೆ. ಹೆಸರಿನ ಬೆಳೆ ಗೇಣುದ್ದ ಎದ್ದು ಗಾಳಿಗೆ ಒಂದೇ ದಿಕ್ಕಿಗೆ ಬಾಗಿತ್ತು. ಅತ್ತೆಯ ಆ ತಮ್ಮನನ್ನು ಮಗಳು ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುತ್ತಾಳೆ. ಮುತ್ಯಾ ಗುದ್ದಲಿ ಎತ್ತಿದ್ದೇ ತಡ, ಅವಳು ಅಡ್ಡ ನಿಂತಳು.

"ನಾ ಅಗೀತೇನಿ."

"ಅಗಿಯವ್ವಾ, ಅಗಿ. ಬಾವಿ ಬಿದ್ದೀತು ನೋಡು, ಸಾವಕಾಶ!" ಎಂದು ಅವರು ಗುದ್ದಲಿಯ ಕಾವನ್ನು ಅವಳ ಕೈಗೆ ಕೊಟ್ಟು, ತುದಿಯನ್ನು ಮಾತ್ರ ತಾವು ಹಿಡಿದರು. ನಾಲ್ಕು ಬೊಗಸೆ ಮಣ್ಣಿಗೆ ಅರ್ಧ ತಾಸು ಹಿಡಿಯಿತು. ಮಣ್ಣಿನ ಚೀಲವನ್ನು ಅವಳು ದಾರಿಯುದ್ದಕ್ಕೂ ಯಾರಿಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡಳು.

ನನ್ನ ತವರು ಬೈಲಹೊಂಗಲ. ಆದರೆ ಏಳು ವರ್ಷ ತುಂಬುತ್ತಲೇ ನನ್ನನ್ನು ಬೆಳಗಾವಿಯಲ್ಲಿ ಸಿಸ್ಟರುಗಳು ನಡೆಸುವ ಶಾಲೆಗೆ, ಅಲ್ಲಿಯ ಹಾಸ್ಟೆಲ್ಲಿಗೆ ಹಾಕಿದರು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬಹಳ ಮೃದು. ಎಂದೂ ಗದರಿದವರಲ್ಲ. ಸೊಟ್ಟಾದ ಹೊಲಿಗೆ ಕಂಡರೆ ನಗುನಗುತ್ತ ಪುಟ್ಟ ಕತ್ತರಿಯಿಂದ ಎಳೆ ಕತ್ತರಿಸಿ, ಬಟ್ಟೆಯನ್ನು ಮತ್ತೆ ನಮ್ಮ ತೊಡೆಯ ಮೇಲೆ ಇಡುತ್ತಿದ್ದರು. ಆ ಕೈ ನನಗೆ ಬಂದುಬಿಟ್ಟಿದೆ. ನನ್ನ ಹಿತ್ತಲು ನೋಡಿದವರು, "ಸ್ಕೇಲ್ ಹಿಡದ ಹಚ್ಚೀರೇನ್ರಿ?" ಎಂದು ಕೇಳುತ್ತಾರೆ. ಮಗಳು ತನ್ನ ಪಾಲಿನ ಮಡಿಯಲ್ಲಿ ಮೆಂತ್ಯದ ಕಾಳನ್ನೆಲ್ಲ ಒಂದೇ ಕಡೆ ಸುರಿದಿದ್ದಳು. ಅವಳು ಶಾಲೆಗೆ ಹೋದಾಗ ನಾನು ಅವನ್ನು ಹೆಕ್ಕಿ ಸಾಲಾಗಿ ಊರಿದೆ. ಅವಳು ಬಣ್ಣದ ಕಾಗದ ಕತ್ತರಿಸಿ ತೋರಣ ಮಾಡಿದರೆ, ಅಂಚುಗಳನ್ನು ಆಮೇಲೆ ನಾನು ಸವರುತ್ತಿದ್ದೆ. ಅವಳಿಗೆ ಗೊತ್ತಾಗುವುದಿಲ್ಲ ಎಂದು ನನ್ನ ನಂಬಿಕೆ.

ಸೋಮವಾರ ಸಂಜೆ ಅವಳು ಹಿತ್ತಲ ಪಡಸಾಲೆಯಲ್ಲಿ ಮಣೆಯ ಮೇಲೆ ಮಣ್ಣು ಹಾಕಿಕೊಂಡು ಕುಳಿತಳು. ನಾನು ದೂರ ಕುಳಿತೆ. ನಾಲಿಗೆ ಹೊರಗೆ ಹಾಕಿಕೊಂಡು, ಮಾತಿಲ್ಲದೆ, ಒಂದೂವರೆ ತಾಸು. ಮುಗಿದಾಗ ಗುಳ್ಳವ್ವ ಎಡಕ್ಕೆ ವಾಲಿದ್ದಳು, ಮುಖದ ಅರ್ಧ ಭಾಗ ಮೂಗೇ ಆಗಿತ್ತು. ಎರೆಮಣ್ಣು ಒಣಗುತ್ತ ಬಿರಿಯುತ್ತದೆಂದು ಒದ್ದೆ ಬಟ್ಟೆ ಹೊದಿಸಿ ಇಟ್ಟೆವು.

ಮಂಗಳವಾರ ಅವಳನ್ನು ಶಾಲೆಗೆ ಕಳಿಸಿ, ಹೋಳಿಗೆಗೆ ಬೇಳೆ ಬೇಯಲು ಇಟ್ಟು, ಬಟ್ಟೆ ಇನ್ನೂ ಒದ್ದೆಯಾಗಿದೆಯೇ ಎಂದು ನೋಡಲು ಹೋದೆ. ಅಷ್ಟೇ ಉದ್ದೇಶ. ವಾಲಿದ್ದನ್ನು ಸ್ವಲ್ಪ ನೆಟ್ಟಗೆ ಮಾಡಿದೆ. ನೆಟ್ಟಗೆ ಮಾಡುವಾಗ ಕುತ್ತಿಗೆ ಸಡಿಲಾಯಿತು. ಕುತ್ತಿಗೆ ಕೂಡಿಸುವಾಗ ಮೂಗು ಕೈಗೆ ಬಂತು. ಆಮೇಲೆ ನಾನು ಅಲ್ಲೇ ಕುಳಿತೆ. ಊದಿನಕಡ್ಡಿಯ ತುದಿಯಿಂದ ಸೀರೆಯ ನೆರಿಗೆ ಬರೆದೆ. ತುರುಬು ಕಟ್ಟಿದೆ. ಎಳ್ಳು ಹೂವಿನಂಥ ಸಣ್ಣ ಮೂಗು ತಿದ್ದಿ, ಅದಕ್ಕೊಂದು ಸಾಸಿವೆ ಕಾಳಿನ ಮೂಗುತಿ ಇಟ್ಟೆ. ಒಳಗೆ ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ, ಬೇಳೆ ತಳ ಹಿಡಿದ ವಾಸನೆ ಬಂದಮೇಲೆ ಎದ್ದೆ.

ಮೂರೂವರೆಗೆ ಮಗಳು ಬಂದಳು. ಪಾಟಿಚೀಲ ಬಾಗಿಲಲ್ಲೇ ಒಗೆದು ನೇರ ಹಿತ್ತಲಿಗೆ ಹೋಗಿ ಬಟ್ಟೆ ಎತ್ತಿದಳು.

"ಮಮ್ಮಿ, ನನ್ನ ಗುಳ್ಳವ್ವ ಎಲ್ಲಿ?"

"ಅಲ್ಲೇ ಐತೆಲ್ಲ, ನೋಡು."

"ಇದು ನಂದಲ್ಲ."

"ನಿಂದ ಅದು. ಮೂಗ ಒಂದೀಟ ಸರಿ ಮಾಡೇನಿ, ಅಷ್ಟ."

ಅವಳು ಮಣೆಯ ಸುತ್ತ ಒಂದು ಸುತ್ತು ಹಾಕಿದಳು. ಬೆನ್ನ ಕಡೆಯಿಂದಲೂ ನೋಡಿದಳು. ಅವಳದೆಂದು ಹೇಳಬಹುದಾದದ್ದು ಪೀಠ ಒಂದೇ ಉಳಿದಿತ್ತು.

"ನಾ ಮೂಗ ದೊಡ್ಡದ ಇಟ್ಟಿದ್ದೆ. ಆಕಿಗೆ ಹೋಳಿಗಿ ವಾಸನಿ ಬರಬೇಕಲ್ಲ, ಅದಕ್ಕ." ಆಮೇಲೆ ಕೇಳಿದಳು, "ಅಕ್ಕ ಯಾರ ಮಾಡ್ಯಾರ ಅಂತ ಕೇಳಿದ್ರ ಏನ ಹೇಳ್ಲಿ?"

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. "ನಾನ ಮಾಡೇನಿ ಅಂತ ಹೇಳು. ಮಣ್ಣ ನಿಂದ, ಕಾಳ ನಿಂದ. ಯಾರಿಗಿ ಗೊತ್ತಾಗತೈತಿ?"

ಅವಳು ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಪರಿಚಯವಿಲ್ಲದವರ ಮನೆಗೆ ಹೋದಾಗ ಮಕ್ಕಳು ಹಾಗೆ ನೋಡುತ್ತಾರೆ.

ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ನಮ್ಮತ್ತೆ ತಲೆ ಎತ್ತದೆ ಹೇಳಿದರು, "ಅಲ್ಲವಾ, ಕೂಸಿಗೆ ಸುಳ್ಳ ಕಲಿಸಾಕ ಅಷ್ಟ ದೂರ ಕಾನ್ವೆಂಟ್ ಸಾಲಿಗಿ ಹೋಗಬೇಕಾಗಿತ್ತೇನು? ಇಲ್ಲೇ ಕಲೀಬಹುದಿತ್ತು."

"ಅತ್ತ್ಯಾರ, ನಾ ಹಂಗ ಅಂದಿದ್ದಲ್ಲರೀ..."

"ಹೆಂಗ ಅಂದಿ ಮತ್ತ?"

ಮಗಳು ಅಜ್ಜಿಯ ಹತ್ತಿರ ಹೋಗಿ ನಿಂತಳು. "ಆಯಿ, ಗುಳ್ಳವ್ವನ್ನ ಮುರದ್ರ ಪಾಪ ಬರತೈತೇನು?"

"ಪೂಜಿ ಆಗೂತನಕ ಅದು ಬರೇ ಮಣ್ಣ. ಇನ್ನೂ ಹಸಿ ಐತಿ, ಹೊತ್ತೂ ಐತಿ."

ಅವಳು ಮಣೆಯ ಮುಂದೆ ಕುಳಿತು ಕೈ ಚಾಚಿದಳು. ನೆರಿಗೆಯ ಹತ್ತಿರ ಬಂದು ಬೆರಳು ನಿಂತಿತು. ಕೈ ಹಿಂದಕ್ಕೆ ಎಳೆದುಕೊಂಡು, "ಮಮ್ಮಿ, ನೀನ ಮುರಿ. ನೀ ಮಾಡೀದಿ," ಎಂದಳು.

ಮೊದಲು ಗುಲಗಂಜಿ ಕಣ್ಣು ಬಿಡಿಸಿದೆ. ಆಮೇಲೆ ಕುಸುಬಿ ಸರ, ಒಂದೊಂದೇ ಕಾಳು. ಬೇಕೆಂದೇ ನಿಧಾನ ಮಾಡುತ್ತಿದ್ದೇನೆಂದು ನನಗೇ ತಿಳಿಯಿತು. ತುರುಬಿನ ಮೇಲೆ ಹೆಬ್ಬೆರಳು ಇಟ್ಟಾಗ ಮಣ್ಣು ಒಳಗೆ ಇನ್ನೂ ತಣ್ಣಗಿತ್ತು. ಒತ್ತಲು ಮನಸ್ಸು ಬರಲಿಲ್ಲ. ಇಷ್ಟು ಬಿಗಿಯಾಗಿ ನಾನು ಹಿಡಿದುಕೊಂಡಿರುವುದು ಏನನ್ನು ಎಂದು ಆಗ ಯೋಚಿಸಿದೆ. ಮಗಳಿಗೆ ಓಣಿಯಲ್ಲಿ ಅವಮಾನ ಆಗಬಾರದೆಂದು ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನಿಜವಲ್ಲ. ನಾನು ಚಿಕ್ಕವಳಿದ್ದಾಗ ಆಷಾಢದ ಮಂಗಳವಾರಗಳು ಹಾಸ್ಟೆಲ್ಲಿನ ಗೋಡೆಯ ಆಚೆ ಆಗಿಹೋಗುತ್ತಿದ್ದವು. ದೀಪಾವಳಿ ರಜೆಗೆ ಊರಿಗೆ ಬಂದರೆ ಗೆಳತಿಯರು ಗುಳ್ಳವ್ವನ ಮಾತು ಆಡುತ್ತಿದ್ದರು, ನಾನು ಕೇಳುತ್ತಿದ್ದೆ. ಹೋದ ವರ್ಷವೂ ಈ ವರ್ಷವೂ ಮಾಡಿದ್ದು ನನ್ನ ಗುಳ್ಳವ್ವನನ್ನು. ನನಗೆ ತಪ್ಪಿಹೋದದ್ದನ್ನು ಮಗಳ ಪಾಲಿನಿಂದ ತೆಗೆದುಕೊಳ್ಳುತ್ತಿದ್ದೆ.

ಒತ್ತಿದೆ. ಎಲ್ಲ ಕೂಡಿ ಒಂದು ಮುದ್ದೆಯಾಯಿತು. ಅದನ್ನು ಅವಳ ಕಡೆ ಸರಿಸಿ ನಾನು ಒಳಗೆ ಹೋದೆ. ನನ್ನ ಕೈಗಳ ಮೇಲೆ ನನಗೆ ಭರವಸೆ ಇರಲಿಲ್ಲ. ಹೂರಣ ಅರೆಯುತ್ತ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಆತುರಕ್ಕೆ ಅವಳು ಕುತ್ತಿಗೆ ಮಾಡುವ ಗೊಡವೆಗೇ ಹೋಗಲಿಲ್ಲ, ತಲೆಯನ್ನು ನೇರ ಹೊಟ್ಟೆಯ ಮೇಲೆ ಕೂಡಿಸಿದಳು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಮೂಗು ಮೊದಲಿಗಿಂತ ದೊಡ್ಡದಾಗಿತ್ತು. "ಆಯಿ, ಹೆಂಗ ಆಗೈತಿ?" ಎಂದು ಕೇಳಿದಳು. "ಭಾಳ ಉಂಡಾಕಿ ಕಂಡಂಗ ಕಾಣತಾಳ," ಎಂದರು ನಮ್ಮತ್ತೆ. ಇಬ್ಬರೂ ನಕ್ಕರು. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ನಾನು ನಮ್ಮ ಬಾಗಿಲಲ್ಲೇ ನಿಂತೆ. ಮೂಲೆಮನೆಯ ಕಟ್ಟೆ ಅಲ್ಲಿಂದ ಕಾಣುತ್ತದೆ, ಮಾತೂ ಕೇಳುತ್ತದೆ. ಗಾಳಿಗೆ ಆರತಿ ಆರದಂತೆ ಹುಡುಗಿಯರು ಲಂಗ ಅಡ್ಡ ಹಿಡಿದು ನಿಂತಿದ್ದರು. ಅಕ್ಕ ಸೊಂಟಕ್ಕೆ ಕೈಯಿಟ್ಟು ಒಂದೊಂದಾಗಿ ನೋಡುತ್ತ ಮಗಳ ಮುಂದೆ ಬಂದಳು.

"ಏ, ಇದು ಗುಳ್ಳವ್ವನೋ ಬದನಿಕಾಯೋ?"

ನನ್ನ ಕಾಲು ಹೊಸ್ತಿಲು ದಾಟಿತ್ತು. ಹಿಂದಿನಿಂದ ನಮ್ಮತ್ತೆ ನನ್ನ ಸೆರಗು ಹಿಡಿದರು.

"ಬದನಿಕಾಯಿಗೆ ಮೂಗ ಇರತೈತೇನು?" ಎಂದಳು ಮಗಳು.

"ಯಾರ ಮಾಡ್ಯಾರ?"

"ನಾನ. ಎರಡ ಸಲ ಮಾಡೇನಿ."

ಅಕ್ಕ ಬಗ್ಗಿ ಆ ಮೂಗನ್ನು ಹತ್ತಿರದಿಂದ ನೋಡಿದಳು. "ಹೌದವಾ. ಇದನ್ನ ದೊಡ್ಡಾರ ಯಾರೂ ಮಾಡಾಂಗಿಲ್ಲ ಬಿಡು," ಎಂದು ಉಳಿದ ಗುಳ್ಳವ್ವಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಮಗಳು ನನ್ನ ಜೊತೆ ಜಗಳ ಆಡಲಿಲ್ಲ. ಎಂದಿನಂತೆ ಜಡೆ ಹಾಕಿಸಿಕೊಂಡಳು, ಊಟ ಮಾಡಿದಳು. ಆದರೆ ಚಿತ್ರ ಬರೆದರೆ ಆಯಿಗೆ ತೋರಿಸಿ, ಪುಸ್ತಕ ಮುಚ್ಚಿ, ಅದರ ಮೇಲೆ ಕುಳಿತುಕೊಳ್ಳುತ್ತಿದ್ದಳು. ಆ ಭಾನುವಾರ ಸವದತ್ತಿಯ ಕಡೆ ನವಿಲುತೀರ್ಥಕ್ಕೆ ಹೋಗಿದ್ದೆವು. ಎಲ್ಲಿ ಹೋದರೂ ಕಲ್ಲು ಆರಿಸುವುದು ಅವಳ ಅಭ್ಯಾಸ. ಆರಿಸಿ ನನ್ನ ಚೀಲಕ್ಕೆ ಹಾಕುತ್ತಾಳೆ. ಮನೆಗೆ ಬಂದಮೇಲೆ ನಾನು ಚೆಂದದ್ದು ನಾಲ್ಕು ಇಟ್ಟು ಉಳಿದದ್ದನ್ನು ಗಿಡದ ಬುಡಕ್ಕೆ ಒಗೆಯುತ್ತೇನೆ. ಅಂದು ಅವಳು ಅವನ್ನೆಲ್ಲ ಅಪ್ಪನ ಪ್ಯಾಂಟಿನ ಕಿಸೆಗೆ ತುಂಬಿದಳು. ನಮ್ಮವರು ಕಿಸೆ ಹಿಡಿದುಕೊಂಡು, "ಏನವಾ, ಗುಡ್ಡಾನ ಮನಿಗಿ ಒಯ್ಯಾಕಿ ಏನು?" ಎಂದು ನಗಿಸಿದರು. ನನ್ನ ಚೀಲ ಹೆಗಲಲ್ಲಿ ಹಗುರಾಗಿ ತೂಗುತ್ತಿತ್ತು. ಅದು ಹಗುರಾದದ್ದು ಯಾಕೆಂದು ಇವರಿಗೆ ಹೇಳಲಿಲ್ಲ.

ಎರಡನೆಯ ವಾರದ ಸೋಮವಾರ ಸಂಜೆ ಅವಳು ಮತ್ತೆ ಹಿತ್ತಲಿಗೆ ಮಣೆ, ಚೀಲದಲ್ಲಿ ಉಳಿದ ಮಣ್ಣು ತಂದಳು. ಈ ಸಲ ಗೋಡೆಯ ಕಡೆ ಮುಖ ಮಾಡಿ, ನನಗೆ ಬೆನ್ನು ತಿರುಗಿಸಿ ಕುಳಿತಳು. ನಾನು ಹೀರೇಕಾಯಿ ಬಳ್ಳಿಯ ಹತ್ತಿರ ಚಾಪೆ ಹಾಕಿಕೊಂಡು ಚವಳಿಕಾಯಿಯ ನಾರು ತೆಗೆದು ಸೋಸುತ್ತ ಕುಳಿತೆ. ಅವಳ ಮೊಣಕೈಗಳು ಅಲುಗುವುದಷ್ಟೇ ಕಾಣುತ್ತಿತ್ತು. ಮಣ್ಣು ಗಟ್ಟಿಯಾಗಿರಬೇಕು, ಒತ್ತಿದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳು. ಚವಳಿಕಾಯಿ ಮುಗಿಯಿತು. ಸೋಸಿದ್ದರಲ್ಲೇ ಇನ್ನೊಮ್ಮೆ ಕೈಯಾಡಿಸುತ್ತ ಕುಳಿತೆ.

"ಮಮ್ಮಿ."

"ಏನವಾ?"

ತಿರುಗಿ ನೋಡದೆ ಹೇಳಿದಳು, "ನೀರ ಹಾಕ ಬಾ. ಬರೇ ನೀರ."

ತಂಬಿಗೆ ತಂದು ಅವಳ ಹಿಂದೆ ನಿಂತೆ. ಮಣೆಯ ಮೇಲೆ ಏನಾಗಿದೆಯೆಂದು ನೋಡಲಿಲ್ಲ. ಅವಳು ಹಿಂದಕ್ಕೆ ಚಾಚಿದ ಅಂಗೈಯನ್ನಷ್ಟೇ ನೋಡುತ್ತ ಸ್ವಲ್ಪ ಸ್ವಲ್ಪವಾಗಿ ನೀರು ಬಿಟ್ಟೆ.

"ಸಾಕು," ಎಂದಳು. ನಿಲ್ಲಿಸಿದೆ.