ಎತ್ತು ನಮ್ಮದು, ಹೊಲ ಹನುಮಕ್ಕನದು

ಹನುಮಕ್ಕ, ಗುಡ್ಡದ ಬುಡದ ಆ ಹೊಲ ನಿನ್ನ ಕೈತಪ್ಪಿ ಹೋದದ್ದು ನನ್ನ ಬಾಯಿಂದ. ಸರ್ಕಾರ ಕೊಡಲಿಲ್ಲ ಎಂದು ನೀನು ಇವತ್ತಿಗೂ ಊರವರ ಮುಂದೆ ಹೇಳುತ್ತೀಯ. ಸರ್ಕಾರ ಕೊಡಲೆಂದೇ ಬಂದಿತ್ತು. ನಿನ್ನ ಹೊಲದಲ್ಲೇ ನಿಂತು, ನಿನ್ನ ಎದುರಿಗೇ, ನಾನು ಅದನ್ನು ತಪ್ಪಿಸಿದೆ — ನೀನು ಅದಕ್ಕೆ ಹೂಂ ಅಂದೆ. ಯಾಕಾದರೂ ಹೂಂ ಅಂದಳೋ ಎಂದು ನಿನ್ನ ಮೇಲೆ ಎಷ್ಟೋ ಸಲ ಸಿಟ್ಟು ಮಾಡಿಕೊಂಡಿದ್ದೇನೆ. ನೋಡು ನನ್ನ ಬುದ್ಧಿ. ಮೋಸ ಮಾಡಿದವಳು ನಾನು, ಸಿಟ್ಟು ನಿನ್ನ ಮೇಲೆ!

ಆ ನೆಲ ಮೊದಲು ಹೇಗಿತ್ತು ಎಂದು ನನಗೆ ಗೊತ್ತಿಲ್ಲವೇ? ನಮ್ಮ ಹೊಲದ ಬದುವಿಗೆ ಅಂಟಿಕೊಂಡ ಸರ್ಕಾರಿ ಬೀಳು, ಬರೀ ಜಾಲಿ, ಬರೀ ಕಲ್ಲು. ನೀನೂ ನಿನ್ನ ಗಂಡನೂ ಜಾಲಿ ಕಡಿದಿರಿ, ಕಲ್ಲು ಆಯ್ದು ಮೂಲೆಯಲ್ಲಿ ಗುಡ್ಡೆ ಹಾಕಿದಿರಿ, ಸಾವೆ, ಹುರುಳಿ ಬಿತ್ತಿದಿರಿ. ಗಂಡ ತೀರಿಕೊಂಡ ಮೇಲೂ ನೀನು ಅದನ್ನು ಬಿಡಲಿಲ್ಲ. ನಿನಗೆ ಎತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕಳೆ ಕೀಳಲು ಕೈ ಸಾಲುತ್ತಿರಲಿಲ್ಲ. ಅದಕ್ಕೇ ಮುಯ್ಯಿ ಮಾಡಿಕೊಂಡೆವು. ನಮ್ಮ ಮನೆಯವರು ಎತ್ತು ಹೂಡಿ ನಿನ್ನ ಹೊಲ ಉತ್ತುಕೊಡುವುದು, ಅದಕ್ಕೆ ಪ್ರತಿಯಾಗಿ ನೀನು ಬಂದು ನಮ್ಮ ಶೇಂಗಾ ಹೊಲದ ಕಳೆ ತೆಗೆಯುವುದು. ಊರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಯಾರ ಎತ್ತು ಉತ್ತರೂ ಹೊಲ ಬಿತ್ತಿದವರದ್ದು — ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಬಗರ್ ಹುಕುಂ ಎಂದು ಬಂತು. ಅಪ್ಪಣೆಯಿಲ್ಲದೆ ಸರ್ಕಾರದ ಭೂಮಿಯಲ್ಲಿ ಬೆಳೆದುಕೊಂಡು ತಿನ್ನುತ್ತಿರುವವರ ಹೆಸರಿಗೇ ಅದನ್ನು ಮಾಡಿಕೊಡುತ್ತಾರೆ ಎಂದರು. ನೀನು ಹೊಸದುರ್ಗದ ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಬಂದವಳೇ ನಮ್ಮ ಜಗಲಿಯ ಕೆಳಗೆ ನಿಂತು ನನ್ನ ಕೈಗೆ ಮಂಡಕ್ಕಿ ಪೊಟ್ಟಣ ಹಾಕಿದೆ. "ಗಿರಿಜಮ್ನೋರೆ, ಇನ್ಮ್ಯಾಲೆ ನಂದೂ ಅಂತ ಒಂದು ತುಂಡು ನೆಲ ಆಗ್ತೈತೆ" ಅಂದೆ. ಅಷ್ಟರಲ್ಲಾಗಲೇ ಅದೇ ನೆಲಕ್ಕೆ ನಮ್ಮ ಮನೆಯವರೂ ಅರ್ಜಿ ಹಾಕಿ ಬಂದಿದ್ದರು. ನನಗೆ ಗೊತ್ತಿತ್ತು. ನೀನು ತಂದ ಮಂಡಕ್ಕಿ ತಿಂದೆ.

ಕಚೇರಿಯವರು ಸ್ಥಳ ನೋಡಲು ಬಂದ ದಿನ ನಮ್ಮ ಮನೆಯವರು ಬೇಕೆಂದೇ ಊರಲ್ಲಿರಲಿಲ್ಲ. "ಹೆಂಗಸ್ರು ಹೇಳಿದ್ರೆ ನಂಬ್ತಾರೆ. ಸುಳ್ಳೇನೂ ಹೇಳ್ಬ್ಯಾಡ. ಎತ್ತು ಯಾರ್ದು ಅಂತ ಹೇಳು, ಸಾಕು" ಅಂದು ಬಸ್ಸು ಹತ್ತಿದ್ದರು. ಪಕ್ಕದ ಹೊಲದವರನ್ನು ಕೇಳುವುದು ಕಚೇರಿಯವರ ಪದ್ಧತಿ. ನಿನ್ನ ಹೊಲವನ್ನು ಆಗತಾನೆ ಉತ್ತು ಬಿಟ್ಟಿದ್ದೆವು, ಬಿತ್ತನೆ ಆಗಿರಲಿಲ್ಲ. ಬಂದ ಸಾಹೇಬರು ಒಂದು ಹೆಂಟೆಯನ್ನು ಬೂಟಿನಲ್ಲಿ ಒಡೆದು ನನ್ನನ್ನು ಕೇಳಿದರು, "ಯಾರಮ್ಮ ಇದನ್ನ ಉಳೋದು?"

"ನಮ್ ಎತ್ತೇ ರೀ ಉಳೋದು, ವರ್ಸಾ ವರ್ಸಾ. ಬೇಕಾದ್ರೆ ಈಯಮ್ಮನ್ನೇ ಕೇಳ್ರಿ."

ಅಷ್ಟೇ ನಾನು ಹೇಳಿದ್ದು. ಒಂದಕ್ಷರವೂ ಸುಳ್ಳಲ್ಲ — ಇದನ್ನೇ ಹೇಳಿಕೊಂಡು ಎಷ್ಟು ವರ್ಷ ಸಮಾಧಾನ ಪಟ್ಟಿದ್ದೇನೆ. ಸಾಹೇಬರು ನಿನ್ನ ಕಡೆ ತಿರುಗಿದರು. ನಾನು ನಿನ್ನ ಪರವಾಗಿ ಮಾತಾಡಿದೆ ಎಂದುಕೊಂಡೆ ನೀನು. ಮುಖ ಅರಳಿಸಿಕೊಂಡು, "ಹೂಂ ಸ್ವಾಮಿ, ಇವ್ರ ಎತ್ತೇ. ಇವ್ರಿಲ್ದಿದ್ರೆ ಈ ನೆಲ ಬೀಳು ಬಿದ್ದಿರೋದು" ಅಂದೆ. ಉಪಕಾರ ಮಾಡಿದವರ ಹೆಸರನ್ನು ದೊಡ್ಡ ಮನುಷ್ಯರ ಮುಂದೆ ಹೇಳದಿದ್ದರೆ ತಪ್ಪಾಗುತ್ತದೆ ಎಂದು... ಸಾಹೇಬರು ತಲೆಯಾಡಿಸಿ ಜೀಪಿನ ಕಡೆ ನಡೆದರು. ಪಟ್ಟಣದವರು, ಮುಯ್ಯಿ ಎಂದರೆ ಅವರಿಗೇನು ಗೊತ್ತು? ನನಗೆ ಗೊತ್ತಿತ್ತಲ್ಲ! "ಬಿತ್ತೋದು, ಬೆಳೆಯೋದು ಈಕೆ ರೀ" ಎಂದು ಹಿಂದಿನಿಂದ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ.

ಮರುವರ್ಷದ ಮುಂಗಾರಿಗೂ ಇವರು ಏನೂ ಆಗದವರಂತೆ ನಿನ್ನ ಹೊಲ ಉತ್ತರು. ನೀನು ಬಿತ್ತುವ ಮೊದಲೇ, ನೆಲ ಮಂಜೂರಾಯಿತೆನ್ನುವ ಸಾಗುವಳಿ ಚೀಟಿ ಇವರ ಹೆಸರಿಗೆ ಬಂತು, ಬೀಜ ನಮ್ಮದೇ ಬಿತ್ತು. "ಸರ್ಕಾರದೋರು ಹಿಂಗ್ ಮಾಡಿದ್ರೆ ನಾವೇನ್ ಮಾಡಾಣ" ಎಂದು ನಿನಗೆ ಹೇಳಿ ಕಳಿಸಿದವಳೂ ನಾನೇ.

ನೀನು ಜಗಳಕ್ಕೆ ಬರುತ್ತೀಯ ಎಂದು ನಾನು ಬಾಗಿಲು ಮುಂದೆ ಮಾಡಿಕೊಂಡೇ ಇದ್ದೆ. ನೀನು ಬಂದದ್ದು ನಮ್ಮ ಶೇಂಗಾದಲ್ಲಿ ಕಳೆ ಎದ್ದ ಮೇಲೆ, ಸೀರೆ ಎತ್ತಿ ಕಟ್ಟಿಕೊಂಡು. "ಈ ವರ್ಸಾನೂ ಉತ್ಕೊಟ್ಟಿದ್ರಲ್ಲ, ಮುಯ್ಯಿ ಉಳಿಸ್ಕಬಾರ್ದು" ಅಂದೆ. ನಿನ್ನಿಂದ ಕಿತ್ತುಕೊಂಡ ಹೊಲವನ್ನು ಉತ್ತದ್ದಕ್ಕೂ ಮುಯ್ಯಿ ತೀರಿಸಲು ಬಂದಿದ್ದೆ ಹನುಮಕ್ಕ! ಬೇಡ ಎನ್ನುವಷ್ಟೂ ನಾಚಿಕೆ ನನಗಿರಲಿಲ್ಲ. ನೀನು ಬಗ್ಗಿದ ಬೆನ್ನು ಎತ್ತದೆ ಸಾಲು ಹಿಡಿದು ಹೋಗುತ್ತಿದ್ದರೆ ನಾನು ಬದುವಿನ ಮೇಲೆ ನಿಂತು, ಅಲ್ಲೊಂದು ಕಳೆ ಬಿಟ್ಟಿದ್ದೀಯ ನೋಡು ಎಂದು ತೋರಿಸುತ್ತಿದ್ದೆ. ಥೂ ನನ್ನ ಜನ್ಮಕ್ಕೆ.

ಈಗ ಅಲ್ಲಿ ನಮ್ಮ ತೆಂಗು ಫಲ ಬಿಡುತ್ತಿದೆ. ನೀವು ಹಾಕಿದ ಕಲ್ಲುಗುಡ್ಡೆ ಮಾತ್ರ ಮೂಲೆಯಲ್ಲಿ ಹಾಗೇ ಇದೆ. ಕೂಲಿಗೆ ಕರೆದರೆ ನೀನು ಎಲ್ಲರ ಹೊಲಕ್ಕೂ ಹೋಗುತ್ತೀಯ, ಆ ಹೊಲಕ್ಕೆ ಮಾತ್ರ ಬರುವುದಿಲ್ಲ.

ಇವರು ಹೋದ ವರ್ಷ ತೀರಿಕೊಂಡರು. ಆ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಮಗ ನನ್ನ ಸಹಿಗೆ ಕಾಯುತ್ತಿದ್ದಾನೆ. ಅದು ಹನುಮಕ್ಕನ ಹೊಲ ಎಂದೆ, ನಡೆದದ್ದನ್ನು ಹೇಳಿದೆ. ಅವನು ನಕ್ಕ. "ಈಗ್ಯಾಕವ್ವ ಅದೆಲ್ಲ? ಆಯಮ್ಮನೇ ಸುಮ್ಕೈತೆ" ಅಂದ. ನೀನು ಸುಮ್ಮನಿದ್ದದ್ದನ್ನೇ ಅಲ್ಲವೇ ನಾವು ಇಷ್ಟು ವರ್ಷ ಕೂತು ತಿಂದದ್ದು?

ಸಹಿ ಹಾಕುವುದಿಲ್ಲ. ಸೋಮವಾರ ಹೊಸದುರ್ಗಕ್ಕೆ ಹೋಗಿ, ಅವತ್ತು ನುಂಗಿಕೊಂಡ ಮಾತನ್ನು ಕಚೇರಿಯಲ್ಲಿ ಹೇಳುತ್ತೇನೆ. ಅವರು ಭೂಮಿಯನ್ನು ನಿನ್ನ ಹೆಸರಿಗೆ ತಿರುಗಿಸುತ್ತಾರೋ, ಮುದುಕಿಗೆ ಅರಳುಮರುಳು ಎಂದು ಕಳಿಸುತ್ತಾರೋ, ಮಗ ಮನೆಗೆ ಸೇರಿಸುತ್ತಾನೋ — ಗೊತ್ತಿಲ್ಲ. ಆದರೆ ಅದಕ್ಕೆ ಮೊದಲು ಇದನ್ನು ನಿನಗೆ ಹೇಳಬೇಕು. ಇಷ್ಟು ವರ್ಷದಲ್ಲಿ ಒಂದು ದಿನವೂ ನಿನ್ನ ಮನೆ ಕಡೆ ಬಂದವಳಲ್ಲ ನಾನು. ನಾಳೆ ಬರುತ್ತೇನೆ. ನನ್ನನ್ನು ಒಳಗೆ ಕರೆಯಬೇಡ ಹನುಮಕ್ಕ. ಮಂಡಕ್ಕಿ ತಂದ ದಿನ ನೀನು ನಿಂತಿದ್ದೆಯಲ್ಲ, ಹಾಗೇ ಹೊರಗೆ ನಿಂತು ಹೇಳುತ್ತೇನೆ.